ಸ್ವಲ್ಪ ಮರೆತ ಮೇಲೆ ಮತ್ತೆ ಓದಿ

"ರಾತ್ರಿ ಎಲ್ಲಾ ಬಾಯಿಗೆ ಬರ್ತಿತ್ತು ಸರ್, ಈಗ ಒಂದೂ ನೆನಪಿಲ್ಲ." ಓದಿನ ಸಲಹೆ ಕೇಳಿ ಬರುವ ಮಕ್ಕಳಿಂದ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಇವರೇನೂ ಸೋಮಾರಿಗಳಲ್ಲ. ಒಂದೇ ಪಾಠಕ್ಕೆ ನಾಲ್ಕು ಗಂಟೆ ಕೂತಿರುತ್ತಾರೆ. ಆದರೆ ಆ ನಾಲ್ಕೂ ಗಂಟೆ ಒಂದೇ ರಾತ್ರಿಯಲ್ಲಿ ಕಳೆದಿರುತ್ತವೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಒಂದೇ ದಿನ ಓದುವುದಕ್ಕಿಂತ ದಿನಗಳಿಗೆ ಹಂಚಿ ಓದುವುದು ಮೇಲು ಅಂತ 1885ರಲ್ಲೇ ಅಳೆದು ತೋರಿಸಿದ್ದರು. ಅರ್ಥವಿಲ್ಲದ ಪುಟ್ಟ ಪದಗಳನ್ನು ತಾವೇ ಬಾಯಿಪಾಠ ಮಾಡಿ ನೋಡಿದರು. ಮೂರು ದಿನಕ್ಕೆ ಹಂಚಿ 38 ಸಲ ಓದಿದ್ದು, ಒಂದೇ ದಿನ 68 ಸಲ ಓದಿದ್ದಕ್ಕೆ ಸಮನಾಯಿತು.

ಯಾಕೆ ಹೀಗೆ? ಈಗಷ್ಟೇ ಓದಿದ್ದನ್ನು ಮತ್ತೆ ಓದಿದರೆ ತಲೆಗೆ ಕೆಲಸವೇ ಇರುವುದಿಲ್ಲ, ಅದಿನ್ನೂ ನಾಲಿಗೆ ತುದಿಯಲ್ಲೇ ಇರುತ್ತದೆ. ಎರಡು ದಿನ ಬಿಟ್ಟರೆ ಒಂದಿಷ್ಟು ಮಸುಕಾಗುತ್ತದೆ. ಆಗ ತಡಕಾಡಿ ನೆನಪಿಸಿಕೊಳ್ಳಬೇಕು. ಆ ತಡಕಾಟದಿಂದಲೇ ಪಾಠ ಗಟ್ಟಿಯಾಗುವುದು. ನಡುವೆ ಬರುವ ನಿದ್ದೆಯ ನೆರವೂ ಇದೆ.

ಕಷ್ಟ ಏನೆಂದರೆ, ಹಂಚಿ ಓದುವಾಗ ಕಲಿಯುತ್ತಿದ್ದೇವೆ ಅಂತ ಅನಿಸುವುದೇ ಇಲ್ಲ. ಬ್ರಿಟನ್ನಿನ ಅಂಚೆ ನೌಕರರಿಗೆ ಕೀಬೋರ್ಡ್ ಕಲಿಸಿದ ಒಂದು ಅಧ್ಯಯನ 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಕೀಲಿಗಳು ಕೈಗೆ ಹತ್ತಲು ಸುಮಾರು 35 ಗಂಟೆ ಸಾಕಾಯಿತು. ದಿನಕ್ಕೆ ನಾಲ್ಕು ಗಂಟೆ ಕೂತವರಿಗೆ ಸುಮಾರು 50 ಗಂಟೆ ಬೇಕಾಯಿತು. ಆದರೂ ತಮ್ಮ ತರಬೇತಿ ಬಗ್ಗೆ ಜಾಸ್ತಿ ಬೇಸರಪಟ್ಟುಕೊಂಡವರು ಒಂದು ಗಂಟೆಯವರೇ! ದಿನಗಳು ಜಾಸ್ತಿ ಹಿಡಿದಿದ್ದಕ್ಕೆ ಹಿಂದೆ ಬಿದ್ದಿದ್ದೇವೆ ಅನಿಸಿತ್ತು. ನನ್ನ ಹತ್ತಿರ ಬರುವ ಮಕ್ಕಳಲ್ಲೂ ಇದನ್ನೇ ಕಾಣುತ್ತೇನೆ. ಎರಡನೇ ಸಲ ಪಾಠ ತೆರೆದಾಗ ಅರ್ಧ ಮರೆತಿರುವುದು ಗೊತ್ತಾಗಿ ಹೆದರುತ್ತಾರೆ, ವಾಪಸ್ ರಾತ್ರಿ ಓದಿಗೇ ಹೋಗುತ್ತಾರೆ. ಆ ಹೊತ್ತಲ್ಲಿ ಧೈರ್ಯ ಹೇಳುವುದು ನನ್ನ ಕೆಲಸದ ಬಹುಪಾಲು.

ಎಷ್ಟು ಅಂತರ ಬಿಡಬೇಕು? ಅದು ಪರೀಕ್ಷೆ ಎಷ್ಟು ದೂರ ಇದೆ ಅನ್ನುವುದರ ಮೇಲೆ ನಿಂತಿದೆ. ವಾರದಲ್ಲಿ ಇದ್ದರೆ ಒಂದೆರಡು ದಿನ ಸಾಕು. ತಿಂಗಳು ಇದ್ದರೆ ವಾರ, ಹತ್ತು ದಿನ ಬಿಡಬಹುದು. ಮತ್ತೆ ಕೂತಾಗ ಸುಮ್ನೆ ಪುಟ ತಿರುವಬೇಡಿ. ಪುಸ್ತಕ ಮುಚ್ಚಿಟ್ಟು, ನೆನಪಿದ್ದಷ್ಟು ಬರೆದು, ಆಮೇಲೆ ತೆರೆದು ನೋಡಿ.

ನಾಳೆಯೇ ಪರೀಕ್ಷೆ ಅಂದರೆ ರಾತ್ರಿ ಓದು ನಾಳೆಯ ಮಟ್ಟಿಗೆ ಕೈಹಿಡಿಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪರೀಕ್ಷೆ ಮುಗಿದ ಮೂರನೇ ದಿನ ಅದೇ ಪಾಠವನ್ನು ಇನ್ನೊಮ್ಮೆ ತೆರೆಯಿರಿ, ಅಷ್ಟೇ.