ಮರದಲ್ಲಿ ದೊಡ್ಡ ತೂತು: ಡ್ರಿಲ್ ಪ್ರೆಸ್ ಎಲ್ಲಿ ಸೋಲುತ್ತದೆ, ಏಕೆ

ಕಂಪ್ಯೂಟರ್ ಮೇಜಿನಲ್ಲಿ ವೈರ್ ಇಳಿಬಿಡಲು 60 ಮಿ.ಮೀ. ತೂತು ಬೇಕು. ಹಲಗೆ 25 ಮಿ.ಮೀ. ದಪ್ಪದ ತೇಗ, ಮೆಷಿನ್ ಅರ್ಧ ಎಚ್‌ಪಿ ಬೆಂಚ್ ಡ್ರಿಲ್. 12 ಮಿ.ಮೀ. ತೂತನ್ನು ಸಲೀಸಾಗಿ ಹಾಕುವ ಅದೇ ಮೆಷಿನ್ ಇಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ: ತೂತಿನ ಅಗಲ ಐದು ಪಟ್ಟು ಆದರೆ ಕತ್ತರಿಸಬೇಕಾದ ಮರ 25 ಪಟ್ಟು. ಫೋರ್ಸ್ಟ್‌ನರ್ ಬಿಟ್ (ದುಂಡು ಅಂಚಿನ, ಚಪ್ಪಟೆ ತಳದ ತೂತು ಕೊರೆಯುವ ಬಿಟ್) ಅಷ್ಟನ್ನೂ ಸಿಪ್ಪೆ ಮಾಡಿ ಹೊರಹಾಕಬೇಕು.

ನಿಂತಾಗ ಇನ್ನೂ ಜೋರಾಗಿ ಒತ್ತಬಾರದು. ಯಾವುದು ನಿಂತಿದೆ, ಯಾವುದು ಇನ್ನೂ ತಿರುಗುತ್ತಿದೆ ಎಂದು ಒಂದು ಕ್ಷಣ ನೋಡಿ ಸ್ವಿಚ್ ಆಫ್ ಮಾಡಿ. ಶಕ್ತಿ ಮೋಟರ್‌ನಿಂದ ಬೆಲ್ಟ್‌ಗೆ, ಅಲ್ಲಿಂದ ಸ್ಪಿಂಡಲ್ (ತಿರುಗುವ ದಂಡ), ಟೇಪರ್ (ಚಕ್ಕನ್ನು ಸ್ಪಿಂಡಲ್‌ಗೆ ಕೂರಿಸುವ, ತುದಿಯತ್ತ ಸಣ್ಣಗಾಗುವ ಜೋಡಣೆ), ಚಕ್ (ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ), ಕೊನೆಗೆ ಬಿಟ್‌ಗೆ ಬರುತ್ತದೆ. ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಇರುವ ಜೋಡಣೆಯೇ ಸೋತಿರುವುದು. ಅರ್ಧ ರೋಗನಿರ್ಣಯ ಇಷ್ಟರಲ್ಲೇ ಮುಗಿಯುತ್ತದೆ.

ಮೋಟರ್ ತಿರುಗುತ್ತಿದೆ, ಸ್ಪಿಂಡಲ್ ನಿಂತಿದೆ

ಬೆಲ್ಟ್ ಜಾರುತ್ತಿದೆ. ಕೀರಲು ಸದ್ದು, ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಕಡಿಮೆ ವೇಗದಲ್ಲೇ ಇದು ಹೆಚ್ಚು ಕಾಡಲು ಕಾರಣವಿದೆ. ಆಗ ಬೆಲ್ಟ್ ಮೋಟರ್ ಕಡೆ ಅತಿ ಚಿಕ್ಕ ಪುಲ್ಲಿಯ ಮೇಲಿರುತ್ತದೆ, ಅಲ್ಲಿ ಹಿಡಿತ ಕಡಿಮೆ, ಎಳೆತ ಜಾಸ್ತಿ. ಪ್ಲಗ್ ಕಿತ್ತು ಬೆಲ್ಟ್‌ನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ: 10-12 ಮಿ.ಮೀ. ಬಗ್ಗಿದರೆ ಸರಿ. ವಿ-ಬೆಲ್ಟ್ ಪುಲ್ಲಿಯ ಎರಡೂ ಪಕ್ಕಗಳನ್ನು ಕಚ್ಚಬೇಕು, ತಳಕ್ಕೆ ತಾಗಬಾರದು. ಸವೆದು ತಳಕ್ಕೆ ಇಳಿದ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಹೊಸದೇ ಹಾಕಬೇಕು. ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೂ ಅಷ್ಟೇ. ಬೆಲ್ಟ್ ಸರಿಯಾಗಿದ್ದೂ ಜಾರಿದರೆ ಪುಲ್ಲಿಯನ್ನು ದಂಡಕ್ಕೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲವಾಗಿದೆಯೇ ನೋಡಿ.

ಸ್ಪಿಂಡಲ್ ತಿರುಗುತ್ತಿದೆ, ಚಕ್ ನಿಂತಿದೆ ಅಥವಾ ಕಳಚಿ ಬಿದ್ದಿದೆ

ಟೇಪರ್ ಹಿಡಿಯುವುದು ಬರೀ ಘರ್ಷಣೆಯಿಂದ. ಕೆಳಗೆ ಒತ್ತುವಾಗ ಅದು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಪಕ್ಕದ ಅದುರು ಮತ್ತು ಸಿಕ್ಕಿಕೊಂಡ ಬಿಟ್ಟನ್ನು ಮೇಲೆಳೆಯುವುದು, ಇವೆರಡೇ ಅದನ್ನು ಸಡಿಲಿಸುವುದು. ತೆಗೆದು, ಗಂಡು ಹೆಣ್ಣು ಎರಡೂ ಮೈಗಳನ್ನು ಥಿನ್ನರ್‌ನಲ್ಲಿ ಒರೆಸಿ. ಇಲ್ಲಿ ಎಣ್ಣೆ ಹಾಕುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಹಾಕಬೇಡಿ. ಎದ್ದುನಿಂತ ಗೀರಿದ್ದರೆ ನುಣುಪು ಕಲ್ಲಿನಿಂದ ಉಜ್ಜಿ. ಚಕ್ಕಿನ ಹಲ್ಲುಗಳನ್ನು ಪೂರ್ತಿ ಒಳಗೆ ತಿರುಗಿಸಿಕೊಂಡು, ಕೆಳಗಿನಿಂದ ಮರದ ತುಂಡು ಇಟ್ಟು ಕೊಡತಿಯಿಂದ ಒಂದೆರಡು ಏಟು ಹಾಕಿದರೆ ಕೂರುತ್ತದೆ.

ಚಕ್ ತಿರುಗುತ್ತಿದೆ, ಬಿಟ್ ನಿಂತಿದೆ ಎಂದರೆ ಕೀಯನ್ನು ಒಂದೇ ತೂತಿನಲ್ಲಿ ತಿರುಗಿಸಿ ಬಿಟ್ಟಿದ್ದೀರಿ. ಮೂರೂ ತೂತಿನಲ್ಲಿ ಬಿಗಿಯಿರಿ. ಹಿಂದೆ ಜಾರಿ ಗೀರು ಬಿದ್ದ ಶ್ಯಾಂಕನ್ನು (ಚಕ್ಕಿನೊಳಗೆ ಕೂರುವ ಬಿಟ್ಟಿನ ಕಡ್ಡಿಯನ್ನು) ಮೊದಲು ಅರದಿಂದ ನಯ ಮಾಡಿ.

ಮೋಟರೇ ನಿಂತು ಗುಂಯ್‌ಗುಟ್ಟುತ್ತಿದೆ

ತಕ್ಷಣ ಆಫ್ ಮಾಡಿ. ನಿಂತ ಇಂಡಕ್ಷನ್ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಸುಡುತ್ತದೆ. ನಮ್ಮ ಊರುಗಳಲ್ಲಿ ಮೊದಲು ನೋಡಬೇಕಾದ್ದು ವೋಲ್ಟೇಜ್. ಮೋಟರ್ ತಡೆದುಕೊಳ್ಳುವ ಗರಿಷ್ಠ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ: 230ರ ಬದಲು 180 ವೋಲ್ಟ್ ಬಂದರೆ ಸುಮಾರು 61% ಬಲವೇ ಉಳಿಯುತ್ತದೆ. ಸಣ್ಣ ವೈರಿನ ಉದ್ದನೆಯ ಎಕ್ಸ್‌ಟೆನ್ಷನ್ ಇನ್ನಷ್ಟು ಕಡಿಮೆ ಮಾಡುತ್ತದೆ. 1.5 ಚದರ ಮಿ.ಮೀ.ಗಿಂತ ತೆಳು ಬೇಡ. ಬೆಲ್ಟ್ ಕಳಚಿದ ಮೇಲೂ ಮೋಟರ್ ಹೊರಡದೆ ಗುಂಯ್‌ಗುಟ್ಟಿದರೆ ಕೆಪಾಸಿಟರ್ ಅಥವಾ ಒಳಗಿನ ಸ್ಟಾರ್ಟಿಂಗ್ ಸ್ವಿಚ್ ಮೇಲೆ ಅನುಮಾನ ಪಡಿ.

ಎಲ್ಲ ಸರಿಯಿದ್ದೂ ನಿಲ್ಲುತ್ತಿದ್ದರೆ ಅಷ್ಟು ಕೆಲಸ ಆ ಮೆಷಿನ್‌ಗೆ ಹೆಚ್ಚಾಯಿತು. ಆಗ ಹೋಲ್ ಸಾ (ಬಟ್ಟಲಿನಂಥ ದುಂಡು ಗರಗಸ) ಹಾಕಿ. ಅದು ಸುಮಾರು 2 ಮಿ.ಮೀ. ಅಗಲದ ಬಳೆಯನ್ನಷ್ಟೇ ಕತ್ತರಿಸುವುದರಿಂದ ಕೆಲಸ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದರ ತೊಂದರೆ ಹೊಟ್ಟು: ಹೊರಬರಲು ದಾರಿಯಿಲ್ಲದೆ ಹಲ್ಲುಗಳ ನಡುವೆ ಹೆಪ್ಪುಗಟ್ಟಿ ಸುಡುತ್ತದೆ. ಮೊದಲು ಹೋಲ್ ಸಾದಿಂದಲೇ ಗುರುತಷ್ಟು ಕೊರೆದು, ಆ ಬಳೆಯನ್ನು ತಾಗುವಂತೆ, ಕತ್ತರಿಸಿ ಬಿಸಾಡುವ ಬಿಲ್ಲೆಯ ಕಡೆಗೆ, 10 ಮಿ.ಮೀ. ತೂತೊಂದನ್ನು ಆರಪಾರ ಹಾಕಿ. ಹೊಟ್ಟು ಅದರಲ್ಲಿ ಕೆಳಗೆ ಸುರಿಯುತ್ತದೆ. ಇಷ್ಟು ಸಣ್ಣ ಉಪಾಯ ಮಾಡುವ ವ್ಯತ್ಯಾಸ ದೊಡ್ಡದು.

ಸುಟ್ಟ ಕಲೆ ಮತ್ತು ವೇಗ

1440 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1440 ಸುತ್ತು) 10 ಮಿ.ಮೀ. ಬಿಟ್ಟಿನ ಅಂಚು ನಿಮಿಷಕ್ಕೆ 45 ಮೀಟರ್ ಓಡಿದರೆ, 60 ಮಿ.ಮೀ. ಬಿಟ್ಟಿನ ಅಂಚು 271 ಮೀಟರ್ ಓಡುತ್ತದೆ. ಗಟ್ಟಿ ಮರದಲ್ಲಿ ಫೋರ್ಸ್ಟ್‌ನರ್‌ಗೆ ಸುಮಾರು ಹೀಗಿಡಿ: 25 ಮಿ.ಮೀ.ಗೆ 700 ಆರ್‌ಪಿಎಂ, 35ಕ್ಕೆ 500, 50ಕ್ಕೆ 350, 60 ದಾಟಿದರೆ 250-300. ಹೋಲ್ ಸಾ ಕೂಡ ಇದೇ ಕೊನೆಯ ಅಳತೆಯ ಆಸುಪಾಸು. ಮೆಷಿನ್‌ನಲ್ಲಿ ಇಷ್ಟು ಕಡಿಮೆ ಇಲ್ಲದಿದ್ದರೆ ಇರುವ ಅತಿ ಕಡಿಮೆ ವೇಗದಲ್ಲಿ, ಆಗಾಗ ಮೇಲೆತ್ತಿ ತಣಿಸುತ್ತಾ ಕೊರೆಯಿರಿ.

ಉಳಿದದ್ದನ್ನು ಸಿಪ್ಪೆ ಹೇಳುತ್ತದೆ. ಅಗಲವಾದ ಸುರುಳಿ ಬರುತ್ತಿದ್ದರೆ ಬಿಟ್ ಕತ್ತರಿಸುತ್ತಿದೆ. ಕಂದು ಪುಡಿ ಬರುತ್ತಿದ್ದರೆ ಉಜ್ಜುತ್ತಿದೆ: ಮೊಂಡಾಗಿದೆ, ಅಥವಾ ನೀವು ಹೆದರಿ ತೀರ ನಿಧಾನ ಒತ್ತುತ್ತಿದ್ದೀರಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಅಗ್ಗದ ಕಾರ್ಬನ್ ಸ್ಟೀಲ್ ಬಿಟ್ಟಿನ ಅಂಚು ನೀಲಿಗಟ್ಟಿದರೆ ಅದರ ಹದ ಹೋಗಿದೆ. ಸಾಣೆ ಹಿಡಿದರೂ ಆ ಭಾಗ ಹರಿತ ಉಳಿಸಿಕೊಳ್ಳುವುದಿಲ್ಲ.

ಅದುರು, ಓರೆ ತೂತು, ಹಲಗೆ ತಿರುಗುವುದು

ಟೇಬಲ್ ಮೇಲೆತ್ತಿ, ಕ್ವಿಲ್ (ಸ್ಪಿಂಡಲನ್ನು ಹೊತ್ತು ಕೆಳಗಿಳಿಯುವ ಕೊಳವೆ) ಆದಷ್ಟು ಕಡಿಮೆ ಇಳಿಯುವಂತೆ ಮಾಡಿ. ಕ್ವಿಲ್ ಇಳಿದಷ್ಟೂ ಆಟ ಹೆಚ್ಚು. ಟೇಬಲ್ ಮಟ್ಟ ನೋಡಲು ಎಲ್ ಆಕಾರಕ್ಕೆ ಬಗ್ಗಿಸಿದ ಗಟ್ಟಿ ತಂತಿಯನ್ನು ಚಕ್ಕಿಗೆ ಕಟ್ಟಿ ಕೈಯಲ್ಲಿ ತಿರುಗಿಸಿ, ತುದಿ ಸುತ್ತಲೂ ಒಂದೇ ಹದದಲ್ಲಿ ಟೇಬಲ್ ಸವರಬೇಕು. ಹಾಗೆ ಸವರಿದರೂ ತೂತು ಓರೆಯಾದರೆ, ನಿಮ್ಮ ಒತ್ತಡಕ್ಕೆ ಟೇಬಲ್ ಮುಂದಕ್ಕೆ ಬಾಗುತ್ತಿದೆ. ಅದರ ಲಾಕ್ ಬಿಗಿ ಮಾಡಿ, ಒತ್ತಡ ಇಳಿಸಿ.

ಹಲಗೆಯನ್ನು ಎರಡು ಕ್ಲಾಂಪ್‌ನಿಂದ ಕಟ್ಟಲೇಬೇಕು. ಜೊತೆಗೆ ಹಲಗೆಯ ಉದ್ದ ಭಾಗ ನಿಮ್ಮ ಎಡಕ್ಕೆ ಚಾಚಿ, ಕಂಬದ ಎಡ ಮೈಗೆ ಒರಗಿರಲಿ. ಬಿಟ್ ಪ್ರದಕ್ಷಿಣವಾಗಿ ತಿರುಗುವುದರಿಂದ, ಕ್ಲಾಂಪ್ ಜಾರಿದರೂ ಹಲಗೆಯನ್ನು ಕಂಬವೇ ತಡೆಯುತ್ತದೆ. ಬಲಕ್ಕೆ ಚಾಚಿದ್ದರೆ ಅದು ನೇರ ನಿಮ್ಮ ಹೊಟ್ಟೆಗೇ ಬರುತ್ತದೆ. ಗ್ಲೌಸ್ ಬೇಡ, ಕನ್ನಡಕ ಬೇಕು.

ಕೆಳಮೈ ಕಿತ್ತುಬರದಿರಲು ಸಮತಟ್ಟಾದ ಹೊಸ ತ್ಯಾಜ್ಯ ಹಲಗೆಯನ್ನು ಅಡಿಗಿಡಿ. ಹಳೆಯ ತೂತಿನ ಮೇಲೆ ಬಂದರೆ ಅದು ಇದ್ದೂ ಇಲ್ಲದಂತೆ. ಹೋಲ್ ಸಾ ಆದರೆ ನಡುವಿನ ಪೈಲಟ್ (ದಾರಿ ತೋರುವ ಸಣ್ಣ ಬಿಟ್) ಕೆಳಗೆ ಕಂಡ ಕೂಡಲೇ ನಿಲ್ಲಿಸಿ, ಹಲಗೆ ತಿರುಗಿಸಿ ಆ ಕಡೆಯಿಂದ ಮುಗಿಸಿ.

ಫೋರ್ಸ್ಟ್‌ನರ್ ಸಾಣೆಗೆ ಸಣ್ಣ ಡೈಮಂಡ್ ಅರ ಸಾಕು. ಸಿಪ್ಪೆ ಎತ್ತುವ ಎರಡು ಅಲಗುಗಳ ಮೇಲೂ ಅಷ್ಟೇ ಸಲ, ಅದೇ ಕೋನದಲ್ಲಿ ಎಳೆಯಿರಿ. ಒಂದು ಎತ್ತರ ಉಳಿದರೆ ಕೆಲಸವೆಲ್ಲ ಅದೊಂದರ ಪಾಲಿಗೇ ಬಂದು ಬಿಟ್ ಅದುರುತ್ತದೆ. ಸುತ್ತಂಚನ್ನು ಒಳಮೈಯಿಂದ ಮಾತ್ರ ತೀಡಿ. ಹೊರಮೈ ಮುಟ್ಟಿದರೆ ಬಿಟ್ ತಾನೇ ಕೊರೆದ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.