ಗೌರವ ಆಸ್ಕರ್ ಯಾರಿಗೆ ಸಲ್ಲಬೇಕು?

ಓದುಗರ ಪ್ರಶ್ನೆ: "ಅಷ್ಟು ದೊಡ್ಡ ನಟ, ಆದರೂ ಇದುವರೆಗೆ ಒಂದೂ ಆಸ್ಕರ್ ಬಂದಿಲ್ಲ. ವಯಸ್ಸೂ ಆಯಿತು. ಇನ್ನಾದರೂ ಒಂದು ಗೌರವ ಆಸ್ಕರ್ ಕೊಡಬಾರದೇ? ಅಷ್ಟಕ್ಕೂ ಆ ಜೀವಮಾನ ಸಾಧನೆಯ ಪ್ರಶಸ್ತಿಗೆ ನಿಜವಾದ ಅರ್ಹರು ಯಾರು?"

ಆಸ್ಕರ್ ಹತ್ತಿರವಾಗುತ್ತಿದ್ದಂತೆ ಪ್ರತಿ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ. ನಟನ ಹೆಸರಷ್ಟೇ ಬದಲಾಗುತ್ತದೆ, ಕೇಳುವವರ ಸಂಕಟ ಅದೇ. ಅಭಿಮಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ರಶ್ನೆಯ ಒಳಗೇ ಒಂದು ತಪ್ಪು ತಿಳಿವಳಿಕೆ ಬೇರುಬಿಟ್ಟು ಕೂತಿದೆ, ಎಷ್ಟು ಸಲ ಹೇಳಿದರೂ ಕದಲುವುದಿಲ್ಲ. ಈ ಸಲ ಅದನ್ನು ಕಿತ್ತೇ ಬಿಡುತ್ತೇನೆ.

ಮೊದಲು ಚುಟುಕಾಗಿ ಉತ್ತರ. ಯಾರ ಕೆಲಸಕ್ಕೆ ಆಸ್ಕರ್ ಮತಪತ್ರದಲ್ಲಿ ಒಂದು ವಿಭಾಗವೇ ಇಲ್ಲವೋ, ಅವರಿಗೆ ಮೊದಲ ಹಕ್ಕು. ಯಾರ ದೊಡ್ಡತನ ಒಂದು ಚಿತ್ರದಲ್ಲಿ ಕಾಣದೆ, ನಲವತ್ತು ವರ್ಷದ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕಾಣುತ್ತದೋ, ಅವರು ಎರಡನೆಯವರು. ನೀವು ಮನಸ್ಸಿನಲ್ಲಿಟ್ಟುಕೊಂಡಿರುವ ಆ ಪ್ರಸಿದ್ಧ ನಟ ಇವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಅವರು ಅರ್ಹರಲ್ಲ ಎಂದಲ್ಲ, ಅವರಿಗೆ ಬೇರೆ ಬಾಗಿಲುಗಳು ತೆರೆದೇ ಇವೆ.

ಪ್ರಶಸ್ತಿ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರುವುದೇ. ಸ್ಪರ್ಧೆಯ ಆಸ್ಕರ್‌ಗೆ, ಈ ಪ್ರಶಸ್ತಿ ಕೊಡುವ ಸಂಸ್ಥೆಯಾದ ಅಕಾಡೆಮಿಯ ಸಾವಿರಾರು ಸದಸ್ಯರು ಮತ ಹಾಕುತ್ತಾರೆ, ಒಂದು ವರ್ಷದ ಚಿತ್ರಗಳಷ್ಟೇ ಲೆಕ್ಕಕ್ಕೆ. ಗೌರವ ಆಸ್ಕರ್ ಅನ್ನು ಅಕಾಡೆಮಿಯ ಆಡಳಿತ ಮಂಡಳಿಯೊಂದೇ ತೀರ್ಮಾನಿಸುತ್ತದೆ. ಇಡೀ ಬದುಕಿನ ಅಸಾಧಾರಣ ಸಾಧನೆ, ಚಲನಚಿತ್ರ ಕಲೆ ಮತ್ತು ವಿಜ್ಞಾನಕ್ಕೆ ದೊಡ್ಡ ಕೊಡುಗೆ, ಇಲ್ಲವೇ ಅಕಾಡೆಮಿಗೆ ಸಲ್ಲಿಸಿದ ವಿಶಿಷ್ಟ ಸೇವೆ: ಇವುಗಳಲ್ಲಿ ಒಂದಿದ್ದರೆ ಸಾಕು. "ಹಿಂದೆ ಗೆದ್ದಿರಬಾರದು" ಎಂಬ ಮಾತು ಎಲ್ಲೂ ಇಲ್ಲ.

ಈಗ ಆ ತಪ್ಪು ತಿಳಿವಳಿಕೆಗೆ ಬರೋಣ. ಗೌರವ ಆಸ್ಕರ್ ಎಂದರೆ ಬದುಕಿಡೀ ಗೆಲ್ಲದವರಿಗೆ ಮುಪ್ಪಿನಲ್ಲಿ ಕೊಡುವ ಸಮಾಧಾನಕರ ಬಹುಮಾನ ಎಂಬ ನಂಬಿಕೆ. ಅದನ್ನು ಕೊಟ್ಟರೆಂದರೆ ಆ ಕಲಾವಿದರ ಕಥೆ ಮುಗಿಯಿತು, ಇನ್ನು ಸ್ಪರ್ಧೆಯಲ್ಲಿ ಗೆಲ್ಲುವುದಿಲ್ಲ ಎಂಬುದು ಅದರ ಬಾಲ.

ಹಾಗಿದ್ದರೆ ಆಗಲೇ ಗೆದ್ದವರಿಗೆ ಯಾಕೆ ಕೊಟ್ಟರು? ಜೇಮ್ಸ್ ಸ್ಟುವರ್ಟ್ 1941ರಲ್ಲೇ ಶ್ರೇಷ್ಠ ನಟ, 1985ರಲ್ಲಿ ಗೌರವ ಆಸ್ಕರ್. ಲಾರೆನ್ಸ್ ಒಲಿವಿಯೆ 1949ರಲ್ಲಿ ಗೆದ್ದವರು, 1979ರಲ್ಲಿ ಗೌರವ. ಅಲೆಕ್ ಗಿನ್ನೆಸ್ 1958, ಮತ್ತೆ 1980. ಸೋಫಿಯಾ ಲೊರೆನ್ 1962, ಮತ್ತೆ 1991. ಸಿಡ್ನಿ ಪ್ವಾಟಿಯೇ 1964, ಮತ್ತೆ 2002. ಅದೇ 2002ರ ರಾತ್ರಿ ಗೌರವ ಆಸ್ಕರ್ ಪಡೆದ ಇನ್ನೊಬ್ಬರು ರಾಬರ್ಟ್ ರೆಡ್‌ಫೋರ್ಡ್, ಅವರಂತೂ ತಾವು ನಿರ್ದೇಶಿಸಿದ ಮೊದಲ ಚಿತ್ರಕ್ಕೇ 1981ರಲ್ಲಿ ಶ್ರೇಷ್ಠ ನಿರ್ದೇಶಕ ಎನಿಸಿಕೊಂಡಿದ್ದವರು. ಇವರಲ್ಲಿ ಯಾರಿಗೆ ಯಾವ ಸಮಾಧಾನ ಬೇಕಿತ್ತು?

ಇನ್ನೊಂದು ಕಡೆಯಿಂದ ನೋಡಿ. ಸತ್ಯಜಿತ್ ರಾಯ್ ಅವರಿಗೆ 1992ರಲ್ಲಿ ಗೌರವ ಆಸ್ಕರ್ ಬಂತು. ಅದಕ್ಕೆ ಮೊದಲು ಅವರಿಗೆ ಒಂದೇ ಒಂದು ನಾಮನಿರ್ದೇಶನವೂ ಇರಲಿಲ್ಲ. ನಟನೆಯಲ್ಲಿ ಹೆಸರಾದ ಮಿರ್ನಾ ಲಾಯ್, ಡೊನಾಲ್ಡ್ ಸದರ್ಲ್ಯಾಂಡ್, ಜಾಕಿ ಚಾನ್ ಕಥೆಯೂ ಇದೇ. ಸೋಲಬೇಕಾದರೆ ಮೊದಲು ಕಣದಲ್ಲಿ ಇರಬೇಕಲ್ಲವೇ? ಓಡದವರಿಗೆ ಯಾರು ಸಮಾಧಾನದ ಬಹುಮಾನ ಕೊಡುತ್ತಾರೆ?

ಇನ್ನು "ಕಥೆ ಮುಗಿಯಿತು" ಎಂಬ ಬಾಲ. ನನಗೆ ತೀರಾ ಇಷ್ಟದ ಉದಾಹರಣೆ ಪಾಲ್ ನ್ಯೂಮನ್ ಅವರದು. 1986ರ ಮಾರ್ಚಿನಲ್ಲಿ ಅವರಿಗೆ ಗೌರವ ಆಸ್ಕರ್ ಪ್ರದಾನವಾದಾಗ ಅವರು ಸಭಾಂಗಣದಲ್ಲಿ ಇರಲಿಲ್ಲ, ಶಿಕಾಗೋದಲ್ಲಿ ಚಿತ್ರೀಕರಣದಲ್ಲಿದ್ದರು. ಉಪಗ್ರಹದ ಮೂಲಕವೇ ಧನ್ಯವಾದ ಹೇಳಿದರು. ಮರುವರ್ಷ ಅವರಿಗೆ ಶ್ರೇಷ್ಠ ನಟ ಆಸ್ಕರ್ ಬಂತು. ಯಾವ ಚಿತ್ರಕ್ಕೆ? ಶಿಕಾಗೋದಲ್ಲಿ ಆವತ್ತು ಚಿತ್ರೀಕರಣವಾಗುತ್ತಿದ್ದ ಅದೇ ಚಿತ್ರಕ್ಕೆ! ಜೀವಮಾನ ಸಾಧನೆಯ ಮಾತುಗಳನ್ನು ಕೇಳಿಸಿಕೊಂಡ ಮನುಷ್ಯ ಕೆಲಸಕ್ಕೆ ವಾಪಸ್ ಹೋಗಿ, ಆರು ಸಲ ಕೈತಪ್ಪಿದ್ದ ನಟನೆಯ ಪ್ರಶಸ್ತಿಯನ್ನು ಗೆದ್ದು ತೋರಿಸಿದರು.

ಅದಕ್ಕೂ ಮೊದಲು ಹೆನ್ರಿ ಫೋಂಡಾ, 1981ರಲ್ಲಿ ಗೌರವ, 1982ರಲ್ಲಿ ಎಪ್ಪತ್ತಾರನೇ ವಯಸ್ಸಿನಲ್ಲಿ ಶ್ರೇಷ್ಠ ನಟ. ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆ 2007ರಲ್ಲಿ ಗೌರವ ಆಸ್ಕರ್ ಪಡೆದು, 2016ರಲ್ಲಿ ಎಂಬತ್ತೇಳನೇ ವಯಸ್ಸಿನಲ್ಲಿ ಸ್ಪರ್ಧೆಯಲ್ಲಿ ಗೆದ್ದರು. ನಿರ್ದೇಶಕ ಸ್ಪೈಕ್ ಲೀ 2015ರಲ್ಲಿ ಗೌರವ, 2019ರಲ್ಲಿ ಚಿತ್ರಕಥೆಗೆ ಆಸ್ಕರ್. ಚಾರ್ಲಿ ಚಾಪ್ಲಿನ್ ಅವರದು ಇನ್ನೂ ವಿಚಿತ್ರ. 1929ರ ಮೊಟ್ಟಮೊದಲ ಸಮಾರಂಭದಲ್ಲೇ ಅವರ ಹೆಸರನ್ನು ಸ್ಪರ್ಧೆಯಿಂದ ತೆಗೆದು, ಒಂದೇ ಚಿತ್ರಕ್ಕೆ ಬರೆದು, ನಟಿಸಿ, ನಿರ್ದೇಶಿಸಿ, ನಿರ್ಮಿಸಿದ್ದಕ್ಕಾಗಿ ವಿಶೇಷ ಪ್ರಶಸ್ತಿ ಕೊಟ್ಟರು. ಇಪ್ಪತ್ತು ವರ್ಷ ಅಮೆರಿಕದಿಂದ ಹೊರಗೇ ಉಳಿದು 1972ರಲ್ಲಿ ಬಂದು ಗೌರವ ಆಸ್ಕರ್ ತೆಗೆದುಕೊಂಡರು, ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇತ್ತು. 1973ರಲ್ಲಿ ಸಂಗೀತ ಸಂಯೋಜನೆಗಾಗಿ ಸ್ಪರ್ಧೆಯ ಆಸ್ಕರ್ ಕೂಡ ಅವರ ಪಾಲಿಗೆ ಬಂತು. ಆ ಚಿತ್ರ ತಯಾರಾದದ್ದು 1952ರಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಅದು ತೆರೆ ಕಂಡದ್ದೇ 1972ರಲ್ಲಿ, ಹಾಗಾಗಿ ಇಪ್ಪತ್ತು ವರ್ಷ ಹಳೆಯ ಸಂಗೀತ ಹೊಸದಾಗಿ ಸ್ಪರ್ಧೆಗಿಳಿಯಿತು.

ಪೀಟರ್ ಓಟೂಲ್ ಕೂಡ ಈ ತಪ್ಪು ತಿಳಿವಳಿಕೆಯನ್ನು ನಂಬಿದ್ದರು. ಏಳು ಸಲ ನಾಮನಿರ್ದೇಶನಗೊಂಡು ಏಳು ಸಲವೂ ಸೋತಿದ್ದ ಅವರಿಗೆ 2003ರಲ್ಲಿ ಗೌರವ ಆಸ್ಕರ್ ಕೊಡುತ್ತೇವೆಂದಾಗ, ಎಪ್ಪತ್ತರ ಆ ನಟ ಅಕಾಡೆಮಿಗೆ ಪತ್ರ ಬರೆದರು: ನಾನಿನ್ನೂ ಆಟದಲ್ಲಿದ್ದೇನೆ, ನೇರವಾಗಿ ಗೆದ್ದರೂ ಗೆಲ್ಲಬಹುದು, ಎಂಬತ್ತಾಗುವವರೆಗೆ ದಯವಿಟ್ಟು ತಡೆಯಿರಿ ಎಂಬ ಅರ್ಥದಲ್ಲಿ. ಅಕಾಡೆಮಿ ಒಪ್ಪಲಿಲ್ಲ. ಅವರು ಬಂದು ತೆಗೆದುಕೊಂಡರು. ನಾಲ್ಕು ವರ್ಷದ ಮೇಲೆ ಎಂಟನೇ ಸಲ ನಾಮನಿರ್ದೇಶನವೂ ಬಂತು. ಗೆಲ್ಲಲಿಲ್ಲ, ನಿಜ. ಆದರೆ ಗೌರವ ಆಸ್ಕರ್ ಅವರ ದಾರಿಗೆ ಅಡ್ಡ ಬರಲಿಲ್ಲ.

ಓಟೂಲ್, ನಟಿಯರಾದ ಡೆಬೊರಾ ಕರ್, ಬಾರ್ಬರಾ ಸ್ಟ್ಯಾನ್‌ವಿಕ್, ನಿರ್ದೇಶಕ ರಾಬರ್ಟ್ ಆಲ್ಟ್‌ಮನ್. ಗೆಲ್ಲದೆ ಗೌರವ ಪಡೆದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಅವರ ಕಥೆಯಲ್ಲಿ ಕಣ್ಣೀರಿಗೆ ಜಾಗವಿದೆ, ಹಾಗಾಗಿ ಅವೇ ನೆನಪಿನಲ್ಲಿ ಉಳಿಯುತ್ತವೆ. ಮಂಡಳಿ ನಿಜವಾಗಿಯೂ ಸಮಾಧಾನದ ಲೆಕ್ಕ ಹಾಕಿದಾಗ ಏನಾಯಿತು ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ತರಬೇತಿಯ ಸ್ಫೋಟದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಹೆರಾಲ್ಡ್ ರಸೆಲ್, ವೃತ್ತಿನಟರಲ್ಲದಿದ್ದರೂ, ಗಾಯಾಳು ಯೋಧನ ಪಾತ್ರಕ್ಕೆ ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನಗೊಂಡಿದ್ದರು. ಇವರು ಗೆಲ್ಲಲಾರರು ಎಂದುಕೊಂಡು 1947ರಲ್ಲಿ ಮೊದಲೇ ಒಂದು ವಿಶೇಷ ಆಸ್ಕರ್ ಕೊಟ್ಟರು. ಅದೇ ರಾತ್ರಿ ಸದಸ್ಯರ ಮತದಿಂದ ಪೋಷಕ ನಟ ಪ್ರಶಸ್ತಿಯೂ ಅವರಿಗೇ ಬಂತು. ಒಂದೇ ಪಾತ್ರಕ್ಕೆ ಎರಡು ಪ್ರತಿಮೆ.

ಇಷ್ಟು ಹೇಳಿದ ಮೇಲೆ ನನ್ನ ಮೊದಲ ಮಾತಿಗೆ ವಾಪಸ್ ಬರಬಹುದು. ಮತಪತ್ರದಲ್ಲಿ ಜಾಗವಿಲ್ಲದವರಿಗೆ ಮೊದಲ ಹಕ್ಕು ಎಂದೆ. ಈ ಪ್ರಶಸ್ತಿಯ ನಿಜವಾದ ಕೆಲಸ ಇಲ್ಲೇ ಇದೆ. ವಿದೇಶಿ ಭಾಷೆಯ ಚಿತ್ರಗಳಿಗೆ 1956ರ ಚಿತ್ರಗಳಿಂದ ಸ್ಪರ್ಧೆಯ ವಿಭಾಗ ಶುರುವಾಯಿತು. ಅದಕ್ಕೆ ಮೊದಲು ಇಟಲಿ, ಫ್ರಾನ್ಸ್, ಜಪಾನಿನ ಚಿತ್ರಗಳಿಗೆ ವಿದೇಶಿ ಚಿತ್ರದ ಆಸ್ಕರ್ ಸಿಕ್ಕಿದ್ದು ಗೌರವ ಪ್ರಶಸ್ತಿಯ ರೂಪದಲ್ಲೇ. ಮೇಕಪ್ ಕಲಾವಿದ ಜಾನ್ ಚೇಂಬರ್ಸ್ ಮನುಷ್ಯರ ಮುಖವನ್ನು ವಾನರ ಮುಖವಾಗಿಸಿ 1969ರಲ್ಲಿ ಗೌರವ ಆಸ್ಕರ್ ಪಡೆದರು. ಮೇಕಪ್‌ಗೆ ಕಾಯಂ ವಿಭಾಗ ಬಂದದ್ದು 1981ರ ಚಿತ್ರಗಳಿಂದ. ಯಾವ ಪಾತ್ರಕ್ಕೆ ಯಾರು ಎಂದು ಹುಡುಕಿ ತರುವ ಕಾಸ್ಟಿಂಗ್ ನಿರ್ದೇಶಕರಲ್ಲಿ ಆಸ್ಕರ್ ಮುಟ್ಟಿದ ಮೊದಲಿಗರು ಲಿನ್ ಸ್ಟಾಲ್‌ಮಾಸ್ಟರ್, 2016ರಲ್ಲಿ. ಹತ್ತು ವರ್ಷದ ಮೇಲೆ, 2026ರ ಸಮಾರಂಭದಿಂದ, ಆ ಕಸುಬಿಗೂ ವಿಭಾಗ ಸಿಕ್ಕಿತು. ಹ್ಯಾಲ್ ನೀಡಮ್ ಎಂಬ ಸ್ಟಂಟ್ ಕಲಾವಿದರಿಗೆ 2012ರಲ್ಲಿ ಕೊಟ್ಟರು. ಕುದುರೆಯಿಂದ, ಕಾರಿನಿಂದ, ಮಹಡಿಯಿಂದ ಬಿದ್ದು ಐವತ್ತಾರು ಮೂಳೆ ಮುರಿದುಕೊಂಡವನು ಎಂಬುದು ಅವರೇ ಕೊಡುತ್ತಿದ್ದ ಲೆಕ್ಕ. ಸ್ಟಂಟ್ ವಿನ್ಯಾಸಕ್ಕೆ ವಿಭಾಗ ಎಂದಿನಿಂದ? 2028ರ ನೂರನೇ ಆಸ್ಕರ್‌ನಿಂದ.

ಸರಣಿ ಕಾಣಿಸಿತೇ? ಗೌರವ ಆಸ್ಕರ್ ಮೊದಲು ಹೋಗಿ ಬಾಗಿಲು ತಟ್ಟುತ್ತದೆ, ವಿಭಾಗ ಆಮೇಲೆ ಬರುತ್ತದೆ. ಪ್ರಸಿದ್ಧ ನಟರಿಗೆ ಕೊಟ್ಟ ಪ್ರತಿಮೆಯಿಂದ ಇಂಥ ಕೆಲಸ ಆಗುವುದಿಲ್ಲ.

ಕೆವಿನ್ ಬ್ರೌನ್‌ಲೋ ಅವರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಶಾಲಾ ಬಾಲಕನಾಗಿದ್ದಾಗ ಅವರ ಕೈಗೆ ಮನೆಯಲ್ಲೇ ಓಡಿಸಬಹುದಾದ 9.5 ಮಿಲಿಮೀಟರಿನ ಎರಡು ರೀಲು ಸಿಕ್ಕಿದವು. ನೆಪೋಲಿಯನ್ ಬಗ್ಗೆ 1927ರಲ್ಲಿ ಫ್ರಾನ್ಸಿನಲ್ಲಿ ತಯಾರಾಗಿದ್ದ ಮೂಕಿಚಿತ್ರವೊಂದರ ತುಣುಕು ಅದು. ಉಳಿದ ಭಾಗ ಎಲ್ಲಿದೆ ಎಂದು ಹುಡುಕಲು ಹೊರಟವರು ದಶಕಗಟ್ಟಲೆ ಹುಡುಕಿದರು, ತುಂಡು ತುಂಡಾಗಿ ಚದುರಿದ್ದನ್ನು ಗಂಟೆಗಟ್ಟಲೆ ಓಡುವ ಚಿತ್ರವಾಗಿ ಜೋಡಿಸಿದರು. 2010ರಲ್ಲಿ ಅವರಿಗೆ ಗೌರವ ಆಸ್ಕರ್ ಸಂದಿತು. ಅದನ್ನು ಓದಿದ ದಿನ ನನಗಾದ ಸಂತೋಷ ಯಾವ ಶ್ರೇಷ್ಠ ನಟ ಘೋಷಣೆಯಲ್ಲೂ ಆಗಿಲ್ಲ. ಹಳೆಯ ಚಿತ್ರ ಉಳಿಸುವವರಿಗೆ ಯಾವ ವಿಭಾಗ ಮಾಡುತ್ತೀರಿ? ಮಾಡಲು ಬರುವುದಿಲ್ಲ, ಆದ್ದರಿಂದಲೇ ಈ ಪ್ರಶಸ್ತಿ ಬೇಕು.

ಕಲಾವಿದರ ನಡತೆಯನ್ನೂ ನೋಡಬೇಕೇ ಎಂದು ಕೆಲವರು ಕೇಳುತ್ತಾರೆ. ನೋಡಲೇಬೇಕು ಎಂಬುದು ನನ್ನ ಅಭಿಪ್ರಾಯ. ನಿರ್ದೇಶಕ ಎಲಿಯಾ ಕಜಾನ್ 1952ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಹಳೆಯ ಸಂಗಡಿಗರ ಹೆಸರು ಹೇಳಿದ್ದರು. 1999ರಲ್ಲಿ ಅವರಿಗೆ ಗೌರವ ಆಸ್ಕರ್ ಕೊಟ್ಟಾಗ ಸಭಿಕರಲ್ಲಿ ಹಲವರು ಎದ್ದು ನಿಂತರೆ ಇನ್ನು ಹಲವರು ಕೈಕಟ್ಟಿ ಕೂತಿದ್ದರು. ಅವರಿಗೆ ಅದಾಗಲೇ ನಿರ್ದೇಶನಕ್ಕೆ ಎರಡು ಆಸ್ಕರ್ ಇತ್ತು. ಕೆಲಸಕ್ಕೆ ಸಲ್ಲಬೇಕಾದ್ದು ಸಂದಾಗಿತ್ತು. ಇಡೀ ಬದುಕನ್ನು ಗೌರವಿಸುತ್ತೇವೆ ಎಂದಮೇಲೆ ಇಡೀ ಬದುಕನ್ನೇ ನೋಡಬೇಕಾಗುತ್ತದೆ.

ಯಾರಿಗೆ ಎಂದು ಎಲ್ಲರೂ ಕೇಳುತ್ತೀರಿ, ಯಾವಾಗ ಎಂದು ಯಾರೂ ಕೇಳುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಆ ಪ್ರಶ್ನೆ. ಎಡ್ವರ್ಡ್ ಜಿ. ರಾಬಿನ್ಸನ್ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಟಿಸಿದರು, ಒಂದು ನಾಮನಿರ್ದೇಶನವನ್ನೂ ಕಾಣಲಿಲ್ಲ. ಕೊನೆಗೆ ಗೌರವ ಆಸ್ಕರ್ ತೀರ್ಮಾನವಾಯಿತು. 1973ರ ಜನವರಿಯಲ್ಲಿ ತೀರಿಕೊಂಡರು, ಮಾರ್ಚಿನಲ್ಲಿ ಅವರ ಪತ್ನಿ ವೇದಿಕೆಗೆ ಬಂದು ತೆಗೆದುಕೊಂಡರು. 2024ರಲ್ಲಿ ಗೌರವ ಆಸ್ಕರ್ ಪಡೆಯಬೇಕಿದ್ದ ಸಂಗೀತ ನಿರ್ದೇಶಕ ಕ್ವಿನ್ಸಿ ಜೋನ್ಸ್ ಸಮಾರಂಭಕ್ಕೆ ಎರಡು ವಾರವಿರುವಾಗ ಹೊರಟುಹೋದರು.

ರಾಯ್ ಅವರದು ನಮಗೆಲ್ಲ ಗೊತ್ತಿರುವ ದೃಶ್ಯ. ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆ, ಕೈಯಲ್ಲಿ ಪ್ರತಿಮೆ, ಕ್ಷೀಣಿಸಿದ್ದರೂ ಅದೇ ಗಂಭೀರ ದನಿ. ಹುಡುಗನಾಗಿದ್ದಾಗ ಹಾಲಿವುಡ್ ತಾರೆಯರಿಗೆ ಬರೆದ ಪತ್ರಗಳ ನೆನಪು, ನಿರ್ದೇಶಕ ಬಿಲ್ಲಿ ವೈಲ್ಡರ್‌ಗೆ ಬರೆದ ಹನ್ನೆರಡು ಪುಟಕ್ಕೆ ಉತ್ತರ ಬಾರದ ಮಾತು. 1992ರ ಮಾರ್ಚ್ 30ರಂದು ಆ ತುಣುಕನ್ನು ಸಭಾಂಗಣದಲ್ಲಿ ತೋರಿಸಿದರು, ವೇದಿಕೆಯಲ್ಲಿ ಅವರ ಹೆಸರು ಹೇಳಿದವರು ನಟಿ ಆಡ್ರೆ ಹೆಪ್‌ಬರ್ನ್. ಏಪ್ರಿಲ್ 23ರಂದು ರಾಯ್ ಇಲ್ಲವಾದರು. ಮುಂದಿನ ಜನವರಿಯಲ್ಲಿ ಹೆಪ್‌ಬರ್ನ್ ಕೂಡ ಹೋದರು. ಆ ವರ್ಷ ಅವರಿಗೇ ಸಂದ ಮಾನವೀಯ ಸೇವೆಯ ಆಸ್ಕರ್ ಅನ್ನು ಮಗ ಬಂದು ಪಡೆದರು.

ಅರವತ್ತರ ಆಸುಪಾಸಿನಲ್ಲಿ ಕೊಟ್ಟುಬಿಡಿ ಎಂದು ನಾನು ಹೇಳುವುದು ಇದಕ್ಕೇ. ನ್ಯೂಮನ್‌ಗೆ ಆಗ ಅರವತ್ತೊಂದು, ಸ್ಪೈಕ್ ಲೀಗೆ ಐವತ್ತೆಂಟು. ಇಬ್ಬರೂ ಅದನ್ನು ಪಡೆದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು.

ಎಂಬತ್ತಾಗಲಿ ಎಂದು ಪತ್ರ ಬರೆದಿದ್ದ ಓಟೂಲ್ 2012ರ ಜುಲೈಯಲ್ಲಿ, ಎಂಬತ್ತು ತುಂಬಲು ಕೆಲವೇ ವಾರಗಳಿರುವಾಗ, ನಟನೆಗೆ ವಿದಾಯ ಹೇಳಿದರು. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಆ ಪ್ರತಿಮೆ ಅವರ ಬಳಿ ಹತ್ತು ವರ್ಷದಿಂದ ಇತ್ತು.