ಶಿಸ್ತೆರಾ ಬ್ಯಾಟ್ ಅಲ್ಲ, ಬುಟ್ಟಿ

ಮೊನ್ನೆ ಒಂದು ಕ್ವಿಜ್‌ನಲ್ಲಿ ಕೇಳಿದ್ದರು: "ಜೈ ಅಲೈ ಆಟದ ಬ್ಯಾಟ್‌ಗೆ ಏನಂತಾರೆ?" ಉತ್ತರ ಶಿಸ್ತೆರಾ. ಜೈ ಅಲೈ ಅಂದರೆ ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನ ಆಟ, ಗೋಡೆಗೆ ಚೆಂಡೆಸೆದು ಆಡುವುದು. ಶಿಸ್ತೆರಾ ಅಂದರೆ ಅದಕ್ಕಾಗಿ ಕೈಗೆ ಕಟ್ಟಿಕೊಳ್ಳುವ ಬಾಗಿದ ಬುಟ್ಟಿ. ಉತ್ತರವೇನೋ ಸರಿ, ಪ್ರಶ್ನೆಯೇ ತಪ್ಪು. ಬ್ಯಾಟ್, ರ‍್ಯಾಕೆಟ್ ಅಂತ ಇದನ್ನು ಬರೆದದ್ದು ಓದಿ ಓದಿ ಸಾಕಾಗಿದೆ. ಬ್ಯಾಟ್ ಚೆಂಡನ್ನು ಹೊಡೆಯುತ್ತದೆ. ಶಿಸ್ತೆರಾ ಹೊಡೆಯುವುದೇ ಇಲ್ಲ. ಗೋಡೆಗೆ ಬಡಿದು ವಾಪಸ್ ಬರುವ ಚೆಂಡು ಬುಟ್ಟಿಯೊಳಗೆ ಇಳಿಯುತ್ತದೆ, ಆಟಗಾರ ತೋಳು ಬೀಸಿದಾಗ ಅದರ ಬಾಗಿದ ಒಳಮೈಯಲ್ಲೇ ಉರುಳಿ ತುದಿಯಿಂದ ಚಿಮ್ಮುತ್ತದೆ. ಹಿಡಿಯುವುದು, ಎಸೆಯುವುದು ಎರಡೂ ಒಂದೇ ಬೀಸಿನಲ್ಲಿ ಮುಗಿಯಬೇಕು. ಹಿಡಿದು ನಿಂತರೆ ಪಾಯಿಂಟ್ ಹೋಯಿತು. 1979ರಲ್ಲಿ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಹೋಸೆ ರಮೋನ್ ಅರೈತಿಯೋ ಎಸೆದ ಚೆಂಡು ಗಂಟೆಗೆ 302 ಕಿಲೋಮೀಟರ್ ವೇಗ ಮುಟ್ಟಿತು. ಆ ವೇಗ ಕೊಟ್ಟದ್ದು ಬುಟ್ಟಿಯ ಬಾಗು. ತೋಳನ್ನೇ ಉದ್ದ ಮಾಡಿದ ಹಾಗೆ ಅದು ಕೆಲಸ ಮಾಡುತ್ತದೆ.

ಅದು ಬುಟ್ಟಿ ಅನ್ನೋದನ್ನು ಹೆಸರೇ ಹೇಳುತ್ತದೆ. ಲ್ಯಾಟಿನ್‌ನಲ್ಲಿ 'ಸಿಸ್ತಾ' ಅಂದರೆ ಬುಟ್ಟಿ, ಪೆಟ್ಟಿಗೆ. ಇಂಗ್ಲಿಷಿನ 'ಚೆಸ್ಟ್' ಹುಟ್ಟಿದ್ದೂ ಅದರಿಂದಲೇ. ಸಿಸ್ತಾ ಚಿಕ್ಕದಾದರೆ 'ಸಿಸ್ತೆಲ್ಲಾ', ಪುಟ್ಟ ಬುಟ್ಟಿ. ಇನ್ನು ಸಿಸ್ತೆಲ್ಲಾ ಶಿಸ್ತೆರಾ ಆಗಿದ್ದು ಹೇಗೆ? ಬಾಸ್ಕ್ ನಾಡಿನ ಪಕ್ಕದಲ್ಲೇ ಲ್ಯಾಟಿನ್‌ನಿಂದ ಹುಟ್ಟಿದ ಗ್ಯಾಸ್ಕನ್ ನುಡಿ ಇದೆ. ಅದರಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿದ ಲ್ಯಾಟಿನ್ 'ಲ್ಲ' ಹೋಗಿ 'ರ' ಬರುತ್ತದೆ. ಲ್ಯಾಟಿನ್ನಿನ 'ಗಲ್ಲಿನಾ', ಅಂದರೆ ಕೋಳಿ, ಗ್ಯಾಸ್ಕನ್‌ನಲ್ಲಿ 'ಗರಿಯಾ'. ಚೆಲುವೆ ಅನ್ನುವ 'ಬೆಲ್ಲಾ' ಅಲ್ಲಿ 'ಬೆರಾ'. ನಮ್ಮ 'ಪಾಲು' 'ಹಾಲು' ಆದಾಗ 'ಪಾವು' ಕೂಡ 'ಹಾವು' ಆಯಿತು ಅಲ್ವಾ, ಹಾಗೇ ಇದೂ ಸುಮ್ನೆ ಒಂದು ಪದಕ್ಕೆ ಆದದ್ದಲ್ಲ, ಸಾಲಾಗಿ ಆದದ್ದು. ಆ ದಾರಿಯಲ್ಲಿ ಬಂದ ಪದ ಬಾಸ್ಕ್ ಬಾಯಲ್ಲಿ ಶಿಸ್ತೆರಾ ಆಯಿತು, ಕೆಲವು ಕಡೆ ಚಿಸ್ತೆರಾ.

ಆಟಕ್ಕೆ ಬರುವ ಮೊದಲು ಅದು ಬರೀ ಮನೆಬಳಕೆಯ ಬುಟ್ಟಿ. ಸುಮಾರು 1857ರಲ್ಲಿ ಫ್ರಾನ್ಸ್ ಕಡೆಯ ಬಾಸ್ಕ್ ನಾಡಿನ ಸೆನ್‌ಪೆರೆ ಊರಿನ ಗಾಂಚಿಕಿ ಅನ್ನುವ ಹುಡುಗ ಹಣ್ಣು ತರಕಾರಿ ತುಂಬುವ ಬಾಗಿದ ಬುಟ್ಟಿಯನ್ನೇ ಕೈಗೆ ಹಿಡಿದು ಗೋಡೆಗೆ ಚೆಂಡೆಸೆದ ಅಂತ ಅಲ್ಲಿನವರು ಹೇಳುತ್ತಾರೆ.

ಸ್ಪೇನಿನಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿದೆ. ಸ್ಪ್ಯಾನಿಷ್‌ನಲ್ಲಿ 'ಚಿಸ್ತೆರಾ' ಅಂದರೆ ಎತ್ತರದ ಟೋಪಿ. ಜಾದೂಗಾರ ಮೊಲ ತೆಗೆಯುತ್ತಾನಲ್ಲ, ಅದು. ಮೀನುಗಾರರ ಬುಟ್ಟಿಗೂ ಅದೇ ಹೆಸರು. ಇದು ಗೊತ್ತಿಲ್ಲದೆ ಯಂತ್ರದ ಅನುವಾದವನ್ನು ಹಾಗೇ ಎತ್ತಿಕೊಂಡರೆ, ಆಟಗಾರ ಬಲಗೈಗೆ ಟೋಪಿ ಕಟ್ಟಿಕೊಂಡು ಅಂಗಳಕ್ಕೆ ಇಳಿದ ಅಂತ ಆಗುತ್ತದೆ. ಅಂಥ ವಾಕ್ಯವನ್ನು ನಾನೇ ಓದಿದ್ದೇನೆ. ಬರೆದವರು ಒಂದು ಫೋಟೋ ನೋಡಿದ್ದರೂ ಸಾಕಿತ್ತು.

'ಜೈ'ಗೂ ನಮ್ಮ ಜೈಕಾರಕ್ಕೂ ನಂಟಿಲ್ಲ. ಬಾಸ್ಕ್‌ನಲ್ಲಿ ಅದು ಹಬ್ಬ, 'ಅಲೈ' ಅಂದರೆ ನಲಿವಿನ. ಹೇಳುವುದು ಹೈ ಅಲೈ ಅಂತ. ಅದು ಆಟದ ಹೆಸರು, ಬುಟ್ಟಿಯದ್ದಲ್ಲ.

ಕೊನೆಗೆ 'ಬೆತ್ತದ ಬುಟ್ಟಿ' ಅನ್ನುವವರಿಗೆ ಒಂದು ಮಾತು. ಅದರಲ್ಲಿ ಬೆತ್ತ ಇಲ್ಲ. ಚೌಕಟ್ಟು ಮತ್ತು ಪಕ್ಕೆಲುಬಿನಂಥ ಪಟ್ಟಿಗಳು ಚೆಸ್ಟ್‌ನಟ್ ಮರದವು. ಅವುಗಳ ನಡುವೆ ಹೆಣೆಯುವುದು ವಿಲ್ಲೋ ಗಿಡದ ಎಳೆ ಕಡ್ಡಿ. ಹಿಂಬದಿಗೆ ಚರ್ಮದ ಗ್ಲೌಸ್ ಹೊಲಿದಿರುತ್ತಾರೆ. ಬೆರಳು ಅದರೊಳಗೆ ಹೋದ ಮೇಲೆ ಉದ್ದನೆಯ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ ಬಿಗಿಯುತ್ತಾರೆ. ಕನ್ನಡದಲ್ಲಿ 'ಹೆಣೆದ ಬುಟ್ಟಿ' ಅಂದರೆ ಸಾಕು.